ಭರಮವ್ವನ ಪುಟದ ಮೇಲೆ ಅಂಗೈ

ಖಾನಾಪುರ ಸೀಮೆಯ ಬೀಸುವ ಕಲ್ಲಿನ ಪದಗಳನ್ನು ಬರೆದುಕೊಂಡವರು ಹಲವರಿದ್ದಾರು. ಆದರೆ ಅಚ್ಚಾದ ಪದದ ಪಕ್ಕದಲ್ಲೇ ಹಾಡಿದವರ ದನಿಯೂ ಇರಬೇಕೆಂದು ಹಟ ಹಿಡಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಬೆಳಗಾವಿ ಕಾಲೇಜಿನ ಕನ್ನಡ ಪ್ರಾಧ್ಯಾಪಕಿ ಶ್ರೀಮತಿ ಸುಹಾಸಿನಿ ಉಪಾಧ್ಯೆಯವರು. ಪುಟಕ್ಕೊಂದು ಕ್ಯೂಆರ್ ಕೋಡ್. ಮೊಬೈಲ್ ಹಿಡಿದರೆ ಹಾಡು. ವಡಗಾವಿಯ ಮುದ್ರಕರು "ಮೇಡಂ, ಇದು ಪುಸ್ತಕನೋ, ರೇಡಿಯೋನೋ?" ಎಂದು ನಕ್ಕಿದ್ದರು. ಮೇಡಂ ನಗಲಿಲ್ಲ. ಒಂದೊಂದು ಕೋಡನ್ನೂ ತೆರೆದು, ಹಾಡು ಶುರುವಾಗುತ್ತದೆಯೇ ಎಂದು ತಾವೇ ನೋಡಿದರು.

ಸೇವೆಗೆ ಸೇರಿದಂದಿನಿಂದ ಅವರು ವಿದ್ಯಾರ್ಥಿಗಳಿಗೆ ಕಲಿಸಿದ ಪಾಠ ಒಂದಿತ್ತು: ಹಾಡು ನಿಂತ ಕೂಡಲೇ ಯಂತ್ರ ನಿಲ್ಲಿಸಬಾರದು, ಮರೆತ ನುಡಿ ಆಮೇಲೆಯೇ ನೆನಪಾಗುತ್ತದೆ. ಕ್ಯಾಸೆಟ್ಟಿನ ಕಾಲದಿಂದ ಮೊಬೈಲ್ ಕಾಲದವರೆಗೂ ಈ ಪದ್ಧತಿ ಅವರನ್ನು ಕಾಯ್ದಿತ್ತು. ಪುಸ್ತಕ ಬಿಡುಗಡೆಯ ದಿನ ಅದೇ ಕೊರಳಿಗೆ ಬಂತು.

ಖಾನಾಪುರದ ಸಭೆಯಲ್ಲಿ ಅತಿಥಿಗಳು ಜಾಂಬೋಟಿಯ ಹಾಡುಗಾರ್ತಿ ಭರಮವ್ವನವರ ಪುಟದ ಕೋಡನ್ನು ತೆರೆದು, ಮೈಕಿನಲ್ಲಿ ಹಾಡು ಕೇಳಿಸಿ ಪುಸ್ತಕ ಬಿಡುಗಡೆ ಮಾಡಬೇಕು ಎಂದು ನಿಗದಿಯಾಗಿತ್ತು. ಪ್ರತಿಗಳಿನ್ನೂ ಕಟ್ಟಿನಲ್ಲೇ ಇದ್ದವು. ಮೇಡಂ ಮೂಲೆಯಲ್ಲಿ ನಿಂತು ಆ ಹಾಡನ್ನು ಮೊದಲ ಸಲ ಕೊನೆಯವರೆಗೂ ಕೇಳಿದರು. ಹಾಡು ಮುಗಿಯಿತು, ಭರಮವ್ವನವರ ದನಿ ನಿಲ್ಲಲಿಲ್ಲ.

"ಅಕ್ಕೋರ, ನನಗ ಕಣ್ಣ ಕಾಣಂಗಿಲ್ಲ. ಸೊಸಿ ಮುಂದ ಅನಬ್ಯಾಡ್ರಿ. ಗೊತ್ತಾತಂದ್ರ ಒಲಿ ಮುಂದಿಂದ ಎಬ್ಬಿಸಿ ಮೂಲ್ಯಾಗ ಕುಂದರಸ್ತಾಳ."

ಕತ್ತರಿಸಬೇಕಾದ ಮಾತು ಕತ್ತರಿಸದೇ ಉಳಿದಿತ್ತು. ಸೊಸೆ ಲಕ್ಷ್ಮೀ ಅತ್ತೆಯ ಪಕ್ಕದಲ್ಲೇ ಮುಂದಿನ ಸಾಲಿನಲ್ಲಿದ್ದಳು. ಮೇಡಂ ಕೂಡಲೇ ಫೋನ್ ಹಚ್ಚಿದರು. ಕೋಡುಗಳ ಕೆಲಸ ನೋಡಿಕೊಂಡ ಶಿಷ್ಯ ಸುಯೋಗ ಬೆಳಗಾವಿಯಲ್ಲಿದ್ದ. ಅವನ ಫೋನ್ ಸಿಗಲೊಲ್ಲದು. ಅಷ್ಟರಲ್ಲಿ ಅತಿಥಿಗಳು ಮೊಬೈಲ್ ಎತ್ತಿದರು. ಎಂದೂ ದನಿ ಎತ್ತರಿಸದ ಮೇಡಂ ವೇದಿಕೆಗೆ ಧಾವಿಸಿ, ತೆರೆದ ಪುಟದ ಮೇಲೆ ಅಂಗೈ ಇಟ್ಟುಬಿಟ್ಟರು.

"ತಪ್ಪು ನಂದು. ಈ ಪುಟ ಇವತ್ತ ತೆಗ್ಯಾಕ ಬರಂಗಿಲ್ರಿ."

"ಮೇಡಂ, ನಿಮ್ಮ ಸರ್ವೀಸಿನ ಕಡೀ ಕಾರ್ಯಕ್ರಮ ಇದು. ಮಂದಿ ನೋಡಾಕತ್ತಾರ, ಕೈ ತಗೀರಿ," ಎಂದು ಸಂಘಟಕ ರಾಮಲಿಂಗ ಹಲ್ಲು ಕಚ್ಚಿದರು.

ಕೈ ಸರಿಯಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಭರಮವ್ವನವರಿಗೆ ಏನು ತಿಳಿಯಿತೋ, ಕುಳಿತಲ್ಲಿಂದಲೇ, "ಯಂತ್ರ ಕೆಟ್ಟರ ಕೆಡವಲ್ದು, ನಾನ ಹಾಡ್ತೀನಿ," ಎಂದು ಎದ್ದು ವೇದಿಕೆಯತ್ತ ಹೊರಟರು. ಲಕ್ಷ್ಮೀ ಥಟ್ಟನೆ ಅವರ ತೋಳು ಹಿಡಿದಳು.

"ಅತ್ತಿ, ಮುಂದ ಮೆಟ್ಲ ಐತಿ. ಕಾಲ ಎತ್ತಿ ಇಡ್ರಿ."

ಭರಮವ್ವ ನಿಂತುಬಿಟ್ಟರು. "ನಿನಗ ಗೊತ್ತೈತೇನ?"

"ನೀವು ಆರಿಸಿಟ್ಟ ಬ್ಯಾಳಿ ದಿನಾ ಮತ್ತ ಆರಸ್ತೀನ್ರಿ," ಎಂದಳು ಲಕ್ಷ್ಮೀ, ತಗ್ಗಿದ ದನಿಯಲ್ಲಿ. "ಒಲಿ ನಿಮ್ಮದ ಐತಿ. ನಡೀರಿ."

ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ಇದ್ದ ಮೇಡಂ ಆಗ ಅತ್ತೇಬಿಟ್ಟರು.

ಅಂದು ಕೋಡು ತೆರೆಯದೇ ಪುಸ್ತಕ ಬಿಡುಗಡೆಯಾಯಿತು. ಆಮೇಲೆ ಮೇಡಂ ಎಲ್ಲ ಕೋಡುಗಳನ್ನೂ ಮುಚ್ಚಿಸಿ, ಮೊದಲು ಜಾಂಬೋಟಿಗೇ ಹೋದರು. ಯಂತ್ರದಲ್ಲಿ ಉಳಿದಿದ್ದ ತಮ್ಮ ಮಾತನ್ನು ಪೂರ್ತಿ ಕೇಳಿದ ಭರಮವ್ವನವರು ಏನನ್ನೂ ಕತ್ತರಿಸಗೊಡಲಿಲ್ಲ. ಅವರ ಒಪ್ಪಿಗೆಯಿಂದಲೇ ಇದನ್ನಿಲ್ಲಿ ಬರೆದಿದೆ. ಉಳಿದ ಹಾಡುಗಾರ್ತಿಯರಿಗೂ ಅವರವರ ದನಿ ಕೇಳಿಸಿ, ಹೂಂ ಅಂದವರ ಪುಟವನ್ನು ಮಾತ್ರ ತೆರೆಯುವ ಕೆಲಸ ಮೇಡಂ ಮುಂದಿದೆ. ಊರುಗಳು ಬಹಳ, ದಾರಿ ಕೆಟ್ಟದ್ದು, ಕೆಲವರ ವಯಸ್ಸು ತೊಂಬತ್ತರ ಮೇಲೆ. ಆದ್ದರಿಂದ ಆಯುಷ್ಯ, ಆರೋಗ್ಯ, ಗಟ್ಟಿ ಕಾಲುಗಳನ್ನು ನಾವು ಸುಹಾಸಿನಿ ಮೇಡಂ ಒಬ್ಬರಿಗೇ ಬೇಡಿದರೆ ಸಾಲದು. ಅವರು ಬಾಗಿಲು ತಟ್ಟುವವರೆಗೆ ಆ ಮುದುಕಿಯರೆಲ್ಲರೂ ಬಾಳಿರಲಿ.