ಬೀಬಿಜಾನ ಕ್ಲಾರ್ನೆಟ್ ಊದಿ ಮನೆ ಉಳಿಸಿಕೊಂಡದ್ದು

ತಿಕೋಟಾದ ನಮ್ಮ ಓಣಿಯ ಮಲಂಗಸಾಬನ ಬ್ಯಾಂಡ್ ಸುತ್ತ ಹತ್ತೂರಿಗೆ ಗೊತ್ತಿತ್ತು. ಒಟ್ಟು ಏಳು ಜನ. ಕ್ಲಾರ್ನೆಟ್ ಅವನದು. ತುತ್ತೂರಿ, ದೊಡ್ಡ ಡೋಲು ಕೊಳ್ಳಲು ವಿಜಾಪುರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಮನೆ ಅಡವಿಟ್ಟಿದ್ದ. ತಿಂಗಳಿಗೆ ಎಪ್ಪತ್ತು ರೂಪಾಯಿ ಕಂತು. ಮೂರು ವರ್ಷ ಒಂದೂ ತಪ್ಪಿಸಲಿಲ್ಲ.

೧೯೭೪ರ ಬೇಸಿಗೆಯಲ್ಲಿ ಕಳ್ಳಕವಟಗಿಯ ಒಂದು ಮದುವೆಯಲ್ಲಿ ಪಟಾಕಿಗೆ ಬೆದರಿ ಮದುಮಗನ ಕುದುರೆ ತಲೆ ಝಾಡಿಸಿತು. ಕುದುರೆಯ ಮೂತಿ ಕ್ಲಾರ್ನೆಟ್ಟಿಗೆ ಬಡಿಯಿತು, ಕ್ಲಾರ್ನೆಟ್ ಮಲಂಗಸಾಬನ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಅಲ್ಲೇ ಉದುರಿದವು. ಆಮೇಲೆ ಊದಿದರೆ ಬರೀ ಗಾಳಿ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಕ್ಲಾರ್ನೆಟ್ ಇಲ್ಲದ ಬ್ಯಾಂಡನ್ನು ಯಾರು ಕರೆಯುತ್ತಾರೆ? ಹನ್ನೊಂದು ಕಂತು ತಪ್ಪಿದವು. ಮರುವರ್ಷ ಮೇ ತಿಂಗಳ ಮೂರನೇ ತಾರೀಖು ಬ್ಯಾಂಕಿನ ಜವಾನ ಬಂದು ಬಾಗಿಲಿಗೆ ಮನೆ ಹರಾಜಿಗಿಡುವ ಲಿಲಾವಿನ ನೋಟೀಸು ಅಂಟಿಸಿ ಹೋದ.

ಸಾಲ ಪೂರಾ ಕಟ್ಟದಿದ್ದರೆ ಮನೆ ಹೋಯಿತೆಂದೇ ಓಣಿಯವರೆಲ್ಲ ಹೇಳಿದರು. ಮಲಂಗಸಾಬ ಹಾಸಿಗೆ ಹಿಡಿದವನಂತೆ ಗೋಡೆಗೆ ಮುಖ ಮಾಡಿ ಮಲಗಿದ. ಅವನ ಹೆಂಡತಿ ಬೀಬಿಜಾನ ಮಾತ್ರ ಮರುದಿನವೊಂದು ಬಿಟ್ಟು ಸೋಮವಾರ ಬಸ್ಸು ಹತ್ತಿ ಸ್ಟೇಷನ್ ರಸ್ತೆಯ ಆ ಬ್ಯಾಂಕಿಗೆ ನೆಟ್ಟಗೆ ಹೋದಳು. ಓದು ಬರಹ ಬಾರದ ಹೆಂಗಸು. ಮ್ಯಾನೇಜರನ ಮುಂದೆ ನಿಂತು ಕೇಳಿದಳು:

"ಸಾಹೇಬ್ರ, ಎರಡು ಸಾವಿರದ ಮ್ಯಾಲ ಐತಿ ಅಂತಾರ. ಅಷ್ಟೂ ಒಮ್ಮೆಲೇ ಕಟ್ಟಬೇಕೇನ್ರಿ?"

"ಅಷ್ಟೂ ಯಾಕಮ್ಮಾ? ತಪ್ಪಿದ ಹನ್ನೊಂದು ಕಂತು, ಅದರ ಮ್ಯಾಲಿನ ದಂಡ ಕಟ್ರಿ ಸಾಕು. ಎಂಟುನೂರಾ ಮೂವತ್ತಾರು ರೂಪಾಯಿ. ಹದಿನೈದನೇ ತಾರೀಖು ಮಧ್ಯಾಹ್ನ ಎರಡರೊಳಗ ತಂದ್ರ ಲಿಲಾವು ನಿಲ್ಲತೈತಿ. ಉಳಿದದ್ದು ಮೊದಲಿನಂಗ ತಿಂಗಳಾ ತಿಂಗಳಾ."

"ಬರೇ ಹನ್ನೊಂದು ಕಂತು?"

"ಬರೇ ಹನ್ನೊಂದು."

ಬೀಬಿಜಾನಳಿಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ತಿಕೋಟಾ ಬರುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬಳೇ ನಕ್ಕಳು.

"ಎಂಟುನೂರು ಏನು ಕಮ್ಮಿ ಆತೇನ?" ಮಲಂಗಸಾಬ ಗೋಡೆ ಬಿಟ್ಟು ತಿರುಗದೆ ಕೇಳಿದ. "ಊದಾವ್ರು ಯಾರು?"

"ನಿಮ್ಮ ಹಲ್ಲ ಹೋಗ್ಯಾವ. ನನ್ನವು ಅದಾವಲ್ಲ."

ಇಪ್ಪತ್ತು ವರ್ಷದಿಂದ ಕ್ಲಾರ್ನೆಟ್ ಒರೆಸಿ, ಊದುವ ತುದಿಗೆ ಪೀಪಿ ಹಚ್ಚಿ, ಒಂದು ಸಲ ಊದಿ ನೋಡಿ ಗಂಡನ ಕೈಗೆ ಕೊಡುವುದು ಅವಳ ಕೆಲಸವಾಗಿತ್ತು. ಆ ಒಂದು ಸಲ ಯಾವಾಗಲೋ ಇಡೀ ಹಾಡಾಗಿತ್ತು. ಗಂಡ ಹೊಲದ ಕಡೆ ಹೋದಾಗ ಬಾಗಿಲು ಹಾಕಿಕೊಂಡು ಊದುತ್ತಿದ್ದಳು. ಈಗ ಅವನೆದುರೇ ಕೂತು ಮದುವೆಯ ಮೂರು ಹಾಡು ಒಂದೇ ಉಸಿರಿಗೆಂಬಂತೆ ಊದಿದಳು. ಮಲಂಗಸಾಬ ಎದ್ದು ಕೂತ. ವರ್ಷದಿಂದ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದವನು ಕೈ ತೆಗೆದು ಹೋ ಎಂದು ನಕ್ಕ.

"ಎರಡನೇ ಹಾಡಿನ್ಯಾಗ ಅಷ್ಟು ಓಡಬ್ಯಾಡ. ಡೋಲಿನಾಂವ ಸತ್ತಗಿತ್ತಾನು!"

ಡೋಲು ಬಾರಿಸುವ ಲಾಡಲೇಸಾಬ ಸುದ್ದಿ ಕೇಳಿ ತಲೆ ಕೆರೆದುಕೊಂಡ. "ಭಾಬಿ, ಮಂದಿ ಏನಂತಾರ?"

"ಮನಿ ಹೋದ ಮ್ಯಾಲೂ ಮಂದಿ ಏನರ ಅಂದಾ ಅಂತಾರ. ನೀ ಡೋಲು ಬಿಗಿ."

ಲಾಡಲೇಸಾಬ ಡೋಲು ಬಿಗಿದ. ನಮ್ಮ ಪಾಲು ಆಮೇಲೆ ಕೊಡಿರೆಂದು ಉಳಿದವರೂ ಬಂದರು.

ಬ್ಯಾಂಡ್ ಮತ್ತೆ ಶುರುವಾಗಿದೆಯೆಂದಷ್ಟೇ ಹೇಳಿ ಕಳಿಸಿ ಹಿಡಿದ ಮೊದಲನೇ ಮದುವೆ ಸಾರವಾಡದ ಬಸಗೊಂಡಪ್ಪನ ಮಗಳದು. ಸೀರೆಯ ಮೇಲೆ ಗಂಡನ ಕೆಂಪು ಕೋಟು ತೊಟ್ಟು ಬಂದ ಬೀಬಿಜಾನಳನ್ನು ಕಂಡು ಬಸಗೊಂಡಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಹೆಣ್ಮಗಳು ಬಾಜಿ ಊದೂದಾ? ಬೀಗರು ನಗತಾರ!"

ಒಳಗಿಂದ ಅವನ ತಾಯಿ ಸಕ್ರವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ. "ನಗಲಿ ಬಿಡೊ. ಮದುವ್ಯಾಗ ಅಳಬೇಕೇನು? ಊದ ಬೇ ತಂಗಿ, ನೋಡೂನು."

ಬೀಬಿಜಾನ ಊದಿದಳು. ಸಕ್ರವ್ವ ಕಚ್ಚೆ ಬಿಗಿದು ಅಂಗಳದಲ್ಲೇ ಕುಣಿಯಲು ಶುರುಮಾಡಿದಳು. ಯಾವಾಗಲೂ ಮೆರವಣಿಗೆಯ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದ ಹೆಂಗಸರು, ಊದುವಾಕೆ ತಮ್ಮಂಥವಳೇ ಎಂದು ಕಂಡು, ಗಂಡಸರನ್ನು ಸರಿಸಿ ಮುಂದೆ ನುಗ್ಗಿದರು. ಬೀಗತಿ ಕುಣಿದಳು, ಅತ್ತಿಗೆ ಕುಣಿದಳು, ಕೊಡ ಹೊತ್ತು ಹೊರಟಿದ್ದವಳು ಕೊಡ ಇಳಿಸಿ ಕುಣಿದಳು. ಅರ್ಧ ತಾಸಿನ ಮೆರವಣಿಗೆಗೆ ಮೂರು ತಾಸು ಹಿಡಿಯಿತು. ಅಕ್ಕಿಕಾಳಿನ ಮುಹೂರ್ತ ಮೀರುತ್ತದೆಂದು ಮದುವೆ ಮಾಡಿಸುವ ಅಯ್ಯನವರು ಕೂಗಿಕೊಂಡರೂ ಕೇಳುವವರಿಲ್ಲ. ಹೆಂಗಸರ ಸೊಂಟದ ಚೀಲಗಳಿಂದ ಒಂದು, ಎರಡು, ಐದರ ನೋಟುಗಳು ಬಂದು ಕೆಂಪು ಕೋಟಿಗೆ ಸಿಕ್ಕಿಕೊಂಡವು. ಬಸಗೊಂಡಪ್ಪ ಒಪ್ಪಿದ ನೂರೈವತ್ತು ಕೊಟ್ಟ. ಹೆಂಗಸರು ಕೊಟ್ಟದ್ದು ಅದಕ್ಕಿಂತ ಹೆಚ್ಚಿತ್ತು.

ಈ ಸುದ್ದಿ ಬಬಲೇಶ್ವರ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅಲ್ಲಿಂದ ಎರಡು ಮದುವೆಗಳಿಗೆ ಕರೆ ಬಂತು. ಎರಡನೆಯದು ಯಲಗೂರಪ್ಪನ ಮನೆಯಲ್ಲಿ, ಅದೂ ಹದಿನೈದನೇ ತಾರೀಖಿಗೇ. ಅಂದಿನ ಮೆರವಣಿಗೆಯಲ್ಲಿ ಹೆಂಗಸರು ಕೊಟ್ಟದ್ದೂ ಸೇರಿ ಬೀಬಿಜಾನಳ ಗಂಟಿನಲ್ಲಿ ಏಳುನೂರು ರೂಪಾಯಿ ಆಯಿತು. ಅಕ್ಕಿಕಾಳು ಬಿದ್ದಾಗ ಹನ್ನೆರಡೂವರೆ. ಬಸ್ಸು ಹೋಗಿಬಿಟ್ಟಿತ್ತು.

"ಎರಡರೊಳಗ ವಿಜಾಪುರ ಮುಟ್ಟಬೇಕ್ರಿ ಯಪ್ಪಾ," ಎಂದು ಅವಳು ಯಲಗೂರಪ್ಪನಿಗೆ ಎಲ್ಲ ಹೇಳಿದಳು.

ಅವನು ನೂರೈವತ್ತು ಎಣಿಸಿ ಕೊಟ್ಟು, ಹೊಸ ಬೀಗರು ಬಂದಿದ್ದ ಟ್ರ್ಯಾಕ್ಟರನ್ನೇ ಹೊರಡಿಸಿದ. "ಊಟ ಕಟಗೊಂಡು ಹೋಗ್ರಿ. ಲಗೂನ!"

ಬ್ಯಾಂಡಿನವರೆಲ್ಲ ಟ್ರೇಲರ್ ಹತ್ತಿದರು. ಜೊತೆಗೆ ಮಲಂಗಸಾಬ, ಅವನ ತೊಡೆಯ ಮೇಲೆ ಹೋಳಿಗೆಯ ಗಂಟು. ಗಾಡಿ ಕುಲುಕಿದಂತೆ ಡೋಲು ತಾನೇ ಢಂ ಅನ್ನುತ್ತಿತ್ತು. ಸುಮ್ಮನೆ ಕೂರಲಾರದೆ ತುತ್ತೂರಿಯವನು ಊದಿದ, ಬೀಬಿಜಾನ ಜೊತೆಗೂಡಿದಳು. ಸ್ಟೇಷನ್ ರಸ್ತೆಯಲ್ಲಿ ಅಂಗಡಿಯವರು ಮದುವೆ ದಿಬ್ಬಣವೆಂದು ಹೊರಗೆ ಬಂದು ನಿಂತರು. ಟಾಂಗಾಗಳು ಬದಿಗೆ ಸರಿದವು. ಟ್ರ್ಯಾಕ್ಟರು ಬ್ಯಾಂಕಿನ ಮುಂದೆ ನಿಂತಾಗ ಎರಡಕ್ಕೆ ಹತ್ತು ನಿಮಿಷ ಬಾಕಿ.

ಕ್ಯಾಶಿಯರ್ ಸಿಕಂದರ ಅರಿಶಿಣ, ಕುಂಕುಮ ಹತ್ತಿದ ನೋಟುಗಳನ್ನು ಒಂದೊಂದೇ ಬಿಡಿಸಿ ಎಣಿಸಿದ. ಎಂಟುನೂರಾ ಮೂವತ್ತಾರು ತೆಗೆದಿಟ್ಟು ಉಳಿದ ಹದಿನಾಲ್ಕನ್ನು ಹಿಂದಕ್ಕೆ ತಳ್ಳಿ, ರಸೀದಿಗೆ ಸಿಕ್ಕೆ ಹೊಡೆದ. ಅವನ ಬೆರಳೆಲ್ಲ ಹಳದಿಯಾಗಿತ್ತು.

"ಇನ್ನ ಮನಿ ನಮ್ಮದಾ ಏನ್ರಿ?" ಬೀಬಿಜಾನ ಕೇಳಿದಳು.

"ಕಂತು ಕಟಗೊಂತ ಹೋಗ್ರಿ, ನಿಮ್ಮದಾ."

ಹದಿನಾಲ್ಕು ರೂಪಾಯಿಯಲ್ಲಿ ಎಂಟು ಜನಕ್ಕೂ ಟ್ರ್ಯಾಕ್ಟರಿನವನಿಗೂ ಬಿಸಿ ಜಿಲೇಬಿ ಬಂತು, ಬಸ್ಸಿನ ಚಾರ್ಜಿಗೂ ಉಳಿಯಿತು. ಮಿಠಾಯಿ ಅಂಗಡಿಯವನು ತನ್ನ ತಂಗಿಯ ಮದುವೆಗೆ ಬರುತ್ತೀರಾ ಎಂದು ಅಲ್ಲೇ ಮುಂಗಡ ಕೊಟ್ಟ.

ಸಾಲ ೧೯೭೮ರಲ್ಲಿ ಪೂರಾ ತೀರಿತು. ಅಷ್ಟರಲ್ಲಿ ಮಲಂಗಸಾಬ ಕಟ್ಟಿಸಿದ ಹಲ್ಲು ಹಾಕಿಸಿಕೊಂಡು ಹೆಂಡತಿಯ ಪಕ್ಕದಲ್ಲಿ ಎರಡನೇ ಕ್ಲಾರ್ನೆಟ್ ಊದತೊಡಗಿದ್ದ. ಸಾರವಾಡ, ಬಬಲೇಶ್ವರದ ಕಡೆ ಮಗಳ ಮದುವೆ ಗೊತ್ತಾದರೆ ಹೆಂಗಸರು ಮೊದಲು ಬೀಬಿಜಾನಳಿಗೆ ಯಾವ ದಿನ ಬಿಡುವೆಂದು ಕೇಳಿ ಕಳಿಸುತ್ತಿದ್ದರು. ಆಮೇಲೆ ಅಯ್ಯನವರ ಹತ್ತಿರ ಮುಹೂರ್ತ ತೆಗೆಸುತ್ತಿದ್ದರು.