ಉಪ್ಪಿಲ್ಲದ ಸೌತೆಕಾಯಿಗೆ ಹುಚ್ಚೆಳ್ಳಿನ ಪುಡಿ

ಆ ದಿನ ಮಾಡಿದ ಕೆಲಸ ಇಷ್ಟು. ಕೊಟ್ಟಿಗೆ ಬಾಚಿ ಸಗಣಿ ತಿಪ್ಪೆಗೆ ಹಾಕಿದೆ. ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆದೆ. ಎಮ್ಮೆ ಕರೆದೆ. ಯಜಮಾನರಿಗೆ ತಿಂಡಿ ಕೊಟ್ಟು ಸ್ಕೂಲಿಗೆ ಕಳಿಸಿದೆ. ಮಿಲ್ಲಿಗೆ ಹೋಗಬೇಕಾದ ರಾಗಿ ಕೇರಿ ಚೀಲಕ್ಕೆ ತುಂಬಿದೆ. ಹುಚ್ಚೆಳ್ಳು ಹುರಿದು ಕುಟ್ಟಿದೆ. ಅತ್ತೆಗೆ ಸ್ನಾನ ಮಾಡಿಸಿ ತಲೆ ಬಾಚಿದೆ. ಆಮೇಲೆ ಅವರ ಸೀರೆ ಒಗೆಯಲು ಬಾವಿಯ ಹತ್ತಿರ ಹೋದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಮ್ಮದು ದೊಡ್ಡಬಳ್ಳಾಪುರದ ಕಡೆಯ ಮಧುರೆ ಹತ್ತಿರದ ಹಳ್ಳಿ. ಮನೆಯಲ್ಲಿ ಅತ್ತೆ, ಯಜಮಾನರು, ನಾನು ಮೂರೇ ಜನ. ಯಜಮಾನರು ದೊಡ್ಡಬೆಳವಂಗಲದಲ್ಲಿ ಮೇಷ್ಟ್ರು, ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಹೊಲದ ಯಜಮಾನಿಕೆ ಅತ್ತೆಯದು. ಹಿಂದಿನ ಮಳೆಗಾಲದಲ್ಲಿ ಅವರ ಕಾಲು ಊದಿಕೊಂಡವು. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂತ್ರಪಿಂಡ ಕೆಟ್ಟಿದೆ, ಉಪ್ಪನ್ನು ಪೂರ್ತಿ ಬಿಡಿಸಿ, ಹಸಿ ತರಕಾರಿ ಕೊಡಿ ಎಂದು ಡಾಕ್ಟರು ಹೇಳಿದರು. ಬಿಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಅವರು ತಲೆ ಬಗ್ಗಿಸಿ ಮಾತ್ರೆ ಬರೆದರು.

ಮನೆಗೆ ಬಂದವಳೇ ಉಪ್ಪಿನ ಗಡಿಗೆಯನ್ನು ಅಟ್ಟಕ್ಕೆ ಏರಿಸಿದೆ. ಉಪ್ಪಿನಕಾಯಿ ಜಾಡಿಯೂ ಅದರ ಹಿಂದೆ ಹೋಯಿತು. ರಾಗಿಮುದ್ದೆಗೆ ನಾವು ಹೇಗೂ ಉಪ್ಪು ಹಾಕುವುದಿಲ್ಲ, ಅದೊಂದು ಅನುಕೂಲ. ಆದರೆ ಮುದ್ದೆಯನ್ನು ಅದ್ದುವುದು ಯಾವುದರಲ್ಲಿ? ಉಪ್ಪಿಲ್ಲದ ಸಾರನ್ನು ಅತ್ತೆ ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟರು.

"ಎಮ್ಮೆ ಬೂಸಾಕ್ಕೂ ಒಂದ್ ಹಿಡಿ ಉಪ್ಪು ಹಾಕ್ತೀವಿ ಕಣೇ. ನಾನು ಅದಕ್ಕಿಂತ ಕಡೆಯಾಗೋದ್ನಾ?"

"ಡಾಕ್ಟ್ರು ಹೇಳವ್ರೆ ಅತ್ತೆ. ನಾನೇನು ಮಾಡ್ಲಿ?"

"ಡಾಕ್ಟ್ರುನ್ನೇ ಕರ್ಸು. ಅವ್ನೂ ಕೂತ್ಕಂಡು ಉಣ್ಲಿ, ನೋಡಾನ."

ತಾನೂ ಉಪ್ಪು ಬಿಡುತ್ತೇನೆ ಎಂದು ಯಜಮಾನರು ಅವ್ವನ ಜೊತೆ ಕೂತರು. ಮೂರನೆಯ ದಿನ ಮುದ್ದೆ ಮುರಿಯುತ್ತಾ ನನ್ನ ಮುಖ ನೋಡಿದರು. ನಾನು ಅಟ್ಟದಿಂದ ಒಂದು ಚಿಟಿಕೆ ಉಪ್ಪು ತಂದು ಅವರ ತಟ್ಟೆಗೆ ಹಾಕಿದೆ.

ಅಲ್ಲಿಂದ ನನ್ನ ಪ್ರಯತ್ನ ಶುರುವಾಯಿತು. ಸೌತೆಕಾಯಿ, ಮೂಲಂಗಿ, ಗೆಡ್ಡೆಕೋಸು ಹಿತ್ತಿಲಲ್ಲೇ ಇದ್ದವು, ಅದಕ್ಕೆ ಖರ್ಚಿಲ್ಲ. ಅವುಗಳ ಮೇಲೆ ಹಾಕಲು ಏನಾದರೂ ಬೇಕಿತ್ತು, ಉಪ್ಪನ್ನು ನಾಲಿಗೆ ಮರೆಯುವಂಥದ್ದು. ಮೊದಲು ನಿಂಬೆಹಣ್ಣಿನ ರಸಕ್ಕೆ ಶುಂಠಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ ಹಿಂಡಿದೆ. ಉಪ್ಪಿಲ್ಲದ ಹುಳಿ ಬರೀ ಹಲ್ಲಿಗೆ ಹತ್ತುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಹುಣಸೆಹಣ್ಣು ಕಿವುಚಿ, ಚೂರು ಬೆಲ್ಲ, ಹುರಿದ ಎಳ್ಳಿನ ಪುಡಿ ಕಲಸಿದೆ. ಹಬ್ಬದ ಎಳ್ಳುಬೆಲ್ಲ ಸೌತೆಕಾಯಿ ಮೇಲೆ ಬಿದ್ದಂಗೈತೆ ಎಂದರು ಅತ್ತೆ. ಸಾಸಿವೆ ಮತ್ತು ಒಂದು ಹೋಳು ಕಾಯಿ ಅರೆದು ಮೊಸರಿಗೆ ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟೆ. ನಾಲ್ಕು ತುತ್ತು ತಿಂದರು.

"ಒಗ್ಗರಣೆ ವಾಸ್ನೆಯೇನೋ ಬೀದಿಗಂಟ ಹೋಯ್ತದೆ," ಎಂದರು. "ಮದ್ವೆಗಂಡೇ ಇಲ್ದೆ ವಾಲಗ ಊದ್ಸಿದ್ದೀಯ ಕಣಮ್ಮಣ್ಣಿ."

ನನಗೆ ನಗು ಬಂತು. ಅವರು ನಗಲಿಲ್ಲ. ತೋಳು ಸೊರಗಿ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಕೊನೆಗೆ ಹೊಳೆದದ್ದು ಹುಚ್ಚೆಳ್ಳು. ರಾಗಿ ಹೊಲದಲ್ಲಿ ಸಾಲು ಬಿಟ್ಟು ಸಾಲಿಗೆ ಅತ್ತೆಯೇ ಹಾಕಿಸಿದ್ದು, ಮನೆಯಲ್ಲಿ ಅರ್ಧ ಮೂಟೆ ಇತ್ತು. ಮಾಡುವುದು ಕಷ್ಟವಲ್ಲ. ಹುಚ್ಚೆಳ್ಳನ್ನು ಬಟ್ಟೆಯಲ್ಲಿ ತಿಕ್ಕಿ ಮಣ್ಣು ತೆಗೆದು, ಮಣ್ಣಿನ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಬೇಕು. ಚಟಪಟ ಎಂದು ನಿಂತ ಕೂಡಲೇ ಇಳಿಸಬೇಕು, ಒಂದು ಗಳಿಗೆ ಹೆಚ್ಚಾದರೂ ಕಹಿ. ಸುಟ್ಟ ಒಣಮೆಣಸಿನಕಾಯಿ, ಸಿಪ್ಪೆಸಮೇತ ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆಹಣ್ಣು ಸೇರಿಸಿ ಒರಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟುಕೊಂಡು ಕಪ್ಪು ಪುಡಿಯಾಗುತ್ತದೆ. ಉಪ್ಪು ಹಾಕಿದ ಪುಡಿ ತಿಂಗಳುಗಟ್ಟಲೆ ಇರುತ್ತದೆ. ಹಾಕದ್ದು ಬೇಗ ಕನರು ವಾಸನೆ ಹಿಡಿಯುತ್ತದೆ, ಅದಕ್ಕೆ ವಾರಕ್ಕೊಮ್ಮೆ ಕುಟ್ಟುತ್ತಿದ್ದೆ. ಎರಡು ಚಮಚ ಪುಡಿಯನ್ನು ತೆಳು ಮಜ್ಜಿಗೆಯಲ್ಲಿ ಕದಡಿ, ಹೆಚ್ಚಿದ ಸೌತೆಕಾಯಿಗೆ ಸುರಿದರೆ ಮುದ್ದೆ ಅದ್ದುವಷ್ಟು ರಸವಾಗುತ್ತದೆ.

ಮೊದಲ ದಿನ ಅರ್ಧ ಬಿಟ್ಟರು. ಮಾರನೆಯ ದಿನ ಬಟ್ಟಲು ಖಾಲಿ. ಅದರ ಮಾರನೆಯ ದಿನವೂ ಖಾಲಿ. ಊಟಕ್ಕೆ ಮುಂಚೆ ಎಮ್ಮೆಗೆ ತಾನೇ ಬೂಸಾ ಕಲಸುತ್ತೇನೆ ಎಂದು, ಆ ಕಾಲು ಎಳೆದುಕೊಂಡು ಕೊಟ್ಟಿಗೆಗೆ ಹೋಗತೊಡಗಿದರು. ಮೈಯಲ್ಲಿ ಶಕ್ತಿ ಬಂತು ಎಂದು ನಾನು ಯಜಮಾನರಿಗೆ ಹೇಳಿದೆ. ಅವರೂ ನಂಬಿದರು. ನಾನಂತೂ ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದೆ.

ಸಂಕ್ರಾಂತಿ ಕಳೆದ ಮೇಲೆ ಮುಖವೂ ಊದಿತು. ನಾಲ್ಕು ಹೆಜ್ಜೆ ಹಾಕಿದರೆ ಉಸಿರು ಕಟ್ಟುತ್ತಿತ್ತು. ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಲು ಒತ್ತಿ ನೋಡಿ, ಉಪ್ಪು ಬಿಟ್ಟಿದ್ದಾರಾ ಎಂದು ಕೇಳಿದರು.

"ಒಂದು ಹರಳೂ ಕೊಟ್ಟಿಲ್ಲ ಸಾರ್," ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಅತ್ತೆ ಗೋಡೆ ನೋಡುತ್ತಿದ್ದರು.

ಅದಾಗಿ ಒಂದು ವಾರಕ್ಕೆ ನಾನು ಬಾವಿಯ ಹತ್ತಿರ ಆ ಸೀರೆ ಒಗೆಯಲು ಕೂತದ್ದು. ಸೆರಗಿನ ತುದಿಯಲ್ಲಿ ಗಂಟಿತ್ತು. ಅಡಿಕೆ ಇರಬೇಕು, ನೆನೆದು ಹಾಳಾಗುತ್ತದೆ ಎಂದು ಬಿಚ್ಚಿದೆ. ಕಲ್ಲುಪ್ಪು. ದನಕ್ಕೆ ಹಾಕುವ ದಪ್ಪ ಹರಳು, ಬೂಸಾದ ಚೂರು ಅಂಟಿಕೊಂಡಿತ್ತು. ಸುತ್ತಲಿನ ಬಟ್ಟೆ ಉಪ್ಪು ಕುಡಿದು ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಮನೆಯ ಉಪ್ಪನ್ನೆಲ್ಲ ಅಟ್ಟಕ್ಕೆ ಏರಿಸಿದವಳು ಕೊಟ್ಟಿಗೆಯಲ್ಲಿ ಬೂಸಾಕ್ಕೆಂದು ಇಟ್ಟ ಉಪ್ಪಿನ ಮಡಕೆಯನ್ನು ಮರೆತಿದ್ದೆ.

ಸೀರೆಯನ್ನು ಕಲ್ಲಿನ ಮೇಲೇ ಬಿಟ್ಟು ಒದ್ದೆ ಕೈಯಲ್ಲಿ ಒಳಗೆ ಬಂದೆ. ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿದ್ದರು. ಅಂಗೈ ತೆರೆದು ತೋರಿಸಿದೆ.

"ಎಷ್ಟು ದಿನದಿಂದ ಅತ್ತೆ?"

"ನೀನು ಹುಚ್ಚೆಳ್ಳು ಕುಟ್ಟಿದ್ ಮಾರ್ನೇ ದಿನದಿಂದ."

"ಬಟ್ಟಲು ಖಾಲಿಯಾಗ್ತಿದ್ದದ್ದು ಇದ್ರಿಂದ್ಲಾ?"

"ಇನ್ನೆಂಗಾಯ್ತದೆ? ನೀನು ಒರಳ ಮುಂದೆ ಕೂತ್ಕಂಡು ದಿನಾ ಒಂದೊಂದು ಮಾಡ್ತಿದ್ದೆ. ಹಂಗೇ ಬಿಟ್ರೆ ನಿನ್ ಮಕ ನೋಡೋಕಾಗ್ತಿರ್ಲಿಲ್ಲ. ಉಣ್ಬೇಕು ಅಂದ್ರೆ ಇದು ಬೇಕಿತ್ತು." ಉಸಿರು ಎಳೆದುಕೊಂಡರು. "ಅವನಿಗೆ ಹೇಳ್ಬೇಡ."

ಹೇಳಿದೆ. ಅಂದು ಶನಿವಾರ, ಅರ್ಧ ದಿನದ ಸ್ಕೂಲು. ಯಜಮಾನರು ಸೈಕಲ್ ನಿಲ್ಲಿಸುವಷ್ಟರಲ್ಲೇ ಹೇಳಿದೆ. ಡಾಕ್ಟರಿಗೆ ತಿಳಿಸಿದರೆ ಬೇರೆ ಔಷಧಿ ಕೊಡಬಹುದು, ಈಗಲಾದರೂ ಉಪ್ಪು ನಿಲ್ಲಿಸಿದರೆ ಊತ ಇಳಿಯಬಹುದು ಎಂಬ ಆಸೆ. ಅವರು ಊಟವನ್ನೂ ಮಾಡದೆ ಅದೇ ಸೈಕಲ್ ತಿರುಗಿಸಿ ದೊಡ್ಡಬಳ್ಳಾಪುರಕ್ಕೆ ಹೋದರು.

ದೀಪ ಹಚ್ಚುವ ಹೊತ್ತಿಗೆ ಬಂದರು. ಕಾಲು ತೊಳೆಯಲು ಹಿತ್ತಿಲಿಗೆ ಹೋದರು. ನಾನು ನೀರಿನ ತಂಬಿಗೆ ತಂದು ಅವರ ಕೈಗೆ ಕೊಟ್ಟೆ.

"ಡಾಕ್ಟ್ರಿಗೆ ಗೊತ್ತಿತ್ತಂತೆ," ಎಂದರು. "ಕಾಲು ನೋಡ್ದಾಗ್ಲೇ ಗೊತ್ತಾಯ್ತಂತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಈಗ ಬಿಟ್ರೂ ಅಷ್ಟೇ, ತಿಂದ್ರೂ ಅಷ್ಟೇ ಅಂದ್ರು. ಎರಡೂ ಕಡೆ ಮೂತ್ರಪಿಂಡ ಹೋಗಿದೆಯಂತೆ." ತಂಬಿಗೆ ನನ್ನ ಕೈಗೆ ಕೊಟ್ಟರು. "ಏನು ಕೇಳ್ತಾರೋ ಅದನ್ನ ತಿನ್ನಿಸಿ ಅಂದ್ರು."

ಆ ಮಾತನ್ನು ನಮ್ಮ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಒಳಗೆ ಬಂದು ಅಟ್ಟದಿಂದ ಗಡಿಗೆ ಇಳಿಸಿದೆ. ಎಳೆ ಸೌತೆಕಾಯಿ ಎರಡು ಹೆಚ್ಚಿದೆ. ಬೆಳಿಗ್ಗೆ ಕುಟ್ಟಿದ ಹುಚ್ಚೆಳ್ಳಿನ ಪುಡಿಗೆ ಮಜ್ಜಿಗೆ ಬೆರೆಸಿ, ನಾವು ತಿನ್ನುವ ಹದಕ್ಕೆ ಉಪ್ಪು ಹಾಕಿದೆ. ನಾಲಿಗೆಗೆ ಇಟ್ಟು ನೋಡಿದೆ. ಇಷ್ಟು ತಿಂಗಳಲ್ಲಿ ಅದು ಸರಿಯಾಗಿ ಬಂದದ್ದು ಆ ದಿನವೇ.

ಅತ್ತೆಯ ಮುಂದೆ ಬಟ್ಟಲು ಇಟ್ಟೆ. ಮುದ್ದೆಯ ಚೂರು ಅದ್ದಿ ಬಾಯಿಗೆ ಇಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ಮಗನನ್ನು ನೋಡಿದರು. ಮಗ ತಟ್ಟೆ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು.

"ಆಸ್ಪತ್ರೆಗೆ ಹೋಗಿದ್ನಾ ಇವನು?"

"ಹೂಂ ಅತ್ತೆ."

ನಿಧಾನವಾಗಿ ಇನ್ನೊಂದು ತುತ್ತು ಅದ್ದಿದರು. "ಚೆನ್ನಾಗೈತೆ," ಎಂದರು. ಮೂರನೆಯದಕ್ಕೆ ಕೈ ಬಾರದೆ ಬಟ್ಟಲನ್ನು ನನ್ನ ಕಡೆ ಸರಿಸಿದರು. ಉಳಿದದ್ದನ್ನು ನಾನೇ ತಿಂದೆ.

ಆ ರಾತ್ರಿ ಉಂಡದ್ದು ಮುದ್ದೆ, ಹುರುಳಿಕಾಳಿನ ಸಾರು, ಸೌತೆಕಾಯಿ. ಸೈಕಲ್ ತುಳಿದ ದಣಿವಿಗೆ ಯಜಮಾನರು ಮೊದಲು ಮಲಗಿದರು. ಆಮೇಲೆ ನನಗೆ ಜೊಂಪು ಹತ್ತಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅತ್ತೆ ಗೋಡೆಗೆ ಒರಗಿ ಕೂತೇ ಇದ್ದರು.