ಸಮುದ್ರದ ಕಡೆಗಿಟ್ಟ ತಟ್ಟೆ

"ಸತ್ತವರಿಗೆ ಚಳಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ಏನು?" ಎಂದು ಕೇಳಿದೆ.

ಎದುರು ಮಂಚದಲ್ಲಿ ಕೂತಿದ್ದ ಚೀನಾದವರು ಕತ್ತರಿ ನಿಲ್ಲಿಸಲಿಲ್ಲ. "ಪುರಾವೆ ಇಲ್ಲ. ಬದುಕಿದ್ದಾಗ ನನ್ನ ಅಮ್ಮನಿಗೆ ಬಹಳ ಚಳಿಯಾಗುತ್ತಿತ್ತು" ಎಂದರು.

ಸೌದಿಯ ರಾಸ್ ತನೂರಾದ ಹತ್ತಿರ, ಗುತ್ತಿಗೆ ಕಂಪೆನಿಯೊಂದರ ಕ್ಯಾಂಪಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವರು ವೆಲ್ಡಿಂಗ್ ಸೂಪರ್‌ವೈಸರ್, ನಾನು ಸೇಫ್ಟಿ ವಿಭಾಗದವನು. ಮುರುಕು ಇಂಗ್ಲಿಷಿನಲ್ಲಿ ನಮ್ಮ ಮಾತುಕತೆ ನಡೆಯುತ್ತಿತ್ತು. ರದ್ದಾದ ನಕ್ಷೆಗಳ ದಪ್ಪ ಕಾಗದದಲ್ಲಿ ಅವರು ಕೋಟು ಕತ್ತರಿಸುತ್ತಿದ್ದರು. ಕಾಲರು, ಜೇಬು, ಗುಂಡಿ ಎಲ್ಲವೂ ಇದ್ದವು. ಬೆನ್ನಿನ ಮೇಲೆ ನಕ್ಷೆಯ ಪೈಪುಗಳು ಹರಿದಾಡಿದ್ದವು.

ಅವರ ಪಂಚಾಂಗದ ಏಳನೆಯ ತಿಂಗಳಲ್ಲಿ ಸತ್ತವರು ಮನೆ ಕಡೆ ಬರುತ್ತಾರಂತೆ. ಹುಣ್ಣಿಮೆಯ ದಿನ ಹಿರಿಯರಿಗೆ ಊಟ ಬಡಿಸಿ, ಕಾಗದದ ಬಟ್ಟೆ ಸುಟ್ಟು ಕಳಿಸಬೇಕು. ಯಾರೂ ಇಲ್ಲದೆ ಅಲೆಯುವ ಆತ್ಮಗಳಿಗೂ ಒಂದು ಪಾಲು ಕೊಡಬೇಕು. ಅವರ ಅಮ್ಮ ತೀರಿಹೋದದ್ದು ಆ ವರ್ಷದ ಚಳಿಗಾಲದಲ್ಲಿ. ಊರಿಗೆ ಹೋಗಿಬರುವ ವೀಸಾ ಸಮಯಕ್ಕೆ ಸಿಗದೆ ಮಣ್ಣಿಗೂ ಹೋಗಲಾಗಲಿಲ್ಲ. ಹಾಗಾಗಿ ಕೋಟನ್ನು ನಮ್ಮ ಕ್ಯಾಬಿನ್ನಿನ ಹಿಂದೆ ಸುಡುವುದೆಂದು ಅವರು ತೀರ್ಮಾನಿಸಿದ್ದರು.

ಕ್ಯಾಬಿನ್ನಿನ ಹಿಂದೆ ನಿಂತರೆ ರಿಫೈನರಿಯ ಚಿಮಣಿಯ ಜ್ವಾಲೆ ಕಾಣುತ್ತದೆ. ನಮ್ಮ ಕಣ್ಣಳತೆಯಲ್ಲಿ ಬೆಂಕಿಗೆ ಅನುಮತಿಯಿದ್ದದ್ದು ಅಲ್ಲಿ ಮಾತ್ರ. ಬೇಲಿಯೊಳಗೆ ಬೆಂಕಿಕಡ್ಡಿ ಗೀರಿ ಸಿಕ್ಕಿಬಿದ್ದರೂ ಇಕಾಮಾ ಎಂಬ ವಾಸದ ಪರವಾನಗಿ ರದ್ದು, ಮತ್ತೆ ಬರಲಾಗದ ಫೈನಲ್ ಎಕ್ಸಿಟ್. ಅಷ್ಟಕ್ಕೇ ಮುಗಿದರೆ ಪುಣ್ಯ. ಮನುಷ್ಯನ ಆಕಾರದಲ್ಲಿ ಕತ್ತರಿಸಿದ ಕಾಗದವನ್ನು ಕಂಡು ಯಾರಾದರೂ ಮಾಟ ಎಂದುಕೊಂಡರೆ ಜೈಲೂ ಆಗಬಹುದು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಅಲೆದು ಬೆಳೆದವನು ನಾನು, ಸುಮ್ಮನಿರುವುದು ಗೊತ್ತಿಲ್ಲ. ಮೊದಲನೆಯದಾಗಿ, ಸುಟ್ಟ ಕಾಗದ ಬೂದಿಯಾಗುತ್ತದೆಯೇ ಹೊರತು ಉಣ್ಣೆಯಾಗುವುದಿಲ್ಲ ಎಂದೆ. ಎರಡನೆಯದಾಗಿ, ಆತ್ಮ ಗಡಿ ದಾಟಿ ಬರುವುದಾದರೆ ಅದಕ್ಕೆ ಜವಾಬ್ದಾರಿ ಹೊರುವ ಕಫೀಲ್ ಯಾರು ಎಂದು ಕೇಳಿದೆ. ಅವರು ಕಾಲರು ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಸರಿ. ಇಲ್ಲಿ ಬೇಡ. ಹಾಗಾದರೆ ಎಲ್ಲಿ ಹಚ್ಚಲಿ?" ಎಂದರು.

ವಿಷಯವನ್ನೇ ಬದಲಿಸಿಬಿಡುವ ಎದುರಾಳಿಯ ಮುಂದೆ ಎಂಥ ವಾದಿಯೂ ಪೆಚ್ಚಾಗುತ್ತಾನೆ.

ಇದೆಲ್ಲ ನನಗೆ ಹೊಸತೇನೂ ಅಲ್ಲ. ತುಳುನಾಡಿನ ಆಟಿ ತಿಂಗಳಲ್ಲಿ ನಮ್ಮ ಅಮ್ಮನೂ ಸತ್ತವರಿಗೆ ಅಗೆಲು ಬಡಿಸುತ್ತಾಳೆ. ಎಲೆಯಲ್ಲಿ ಕೋಳಿ ಪದಾರ್ಥ, ಪಕ್ಕದಲ್ಲಿ ನೀರು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು. ನಾನು ಮಾತ್ರ "ಅಜ್ಜಿಗೆ ಹಲ್ಲೇ ಇರಲಿಲ್ಲ, ಕೋಳಿ ಹೇಗೆ ತಿಂತಾಳೆ?" ಎಂದು ಜಗಳ ತೆಗೆಯುತ್ತಿದ್ದೆ. "ನೀನು ನಂಬುದು ಬೇಡ ಮಾರಾಯ, ತಿನ್ಲಿಕ್ಕಾದ್ರೂ ಬಾ" ಎಂದು ಅಮ್ಮ ಚರ್ಚೆ ಮುಗಿಸುತ್ತಿದ್ದಳು.

ಜಾಗ ಹುಡುಕಿಕೊಟ್ಟವರು ಮೆಸ್ಸಿನ ಮ್ಯಾನೇಜರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಊರ ವಾಡಿಕೆಯಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ.

"ಎಂತ ಮಾರಾಯ, ಬೆಂಕಿ ಹಾಕ್ಲಿಕ್ಕೆ ಜಾಗ ಇಲ್ವಾ? ಬಕ್ರೀದ್ ರಜೆ ಅಲ್ವಾ ಈಗ? ಸಂಜೆ ಬೀಚಿಗೆ ಹೋಗಿ ನೋಡು. ಇಡೀ ಊರೇ ಕೆಂಡ ಊದ್ತಾ ಕೂತಿರ್ತದೆ. ಅದ್ರಲ್ಲಿ ನಮ್ಮದೊಂದು ಒಲೆ ಹೆಚ್ಚಾಯ್ತಾ?"

"ಪೊರ್ಬುಗಳೇ, ನೀವೂ ಇದನ್ನೆಲ್ಲ ನಂಬ್ತೀರಾ?"

"ನವೆಂಬರಲ್ಲಿ ನಾನು ಅಪ್ಪನ ಗೋರಿಗೆ ಮೇಣದಬತ್ತಿ ಹಚ್ಚುವವ. ನನ್ನ ಹತ್ರ ಕೇಳ್ತೀಯಲ್ಲ! ಕೋಳಿಗೆ ಮಸಾಲೆ ಹಾಕಿಡ್ತೇನೆ. ಯಲ್ಲಾ, ಹೊರಡು, ವ್ಯಾನಿಗೆ ಹೇಳು."

ಅವರೆಂದಂತೆಯೇ ಇತ್ತು. ಕಡಲ ತೀರದುದ್ದಕ್ಕೂ ಚಾಪೆ, ಮಕ್ಕಳು, ಹೊಗೆ. ನಾವೂ ಒಂದು ಮೂಲೆ ಹಿಡಿದು ಒಲೆ ಹಚ್ಚಿದೆವು. ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಪೂರ್ವದ ಸಮುದ್ರದಿಂದ ಹುಣ್ಣಿಮೆಯ ಚಂದ್ರ ಕೆಂಪಗೆ ಮೇಲೆದ್ದ. ಚೀನಾದವರು ನಾಲ್ಕನೆಯ ತಟ್ಟೆಯೊಂದನ್ನು ತೆಗೆದು, ಅನ್ನ ಮತ್ತು ಕೋಳಿ ಬಡಿಸಿ ಸಮುದ್ರದ ಕಡೆ ಮುಖ ಮಾಡಿ ಇಟ್ಟರು. ಒಲೆಯ ಪಕ್ಕದ ಮರಳಿನಲ್ಲಿ ಕಡ್ಡಿಯಿಂದ ವೃತ್ತ ಎಳೆದು, ಒಂದು ಕಡೆ ಬಾಗಿಲಿನಂತೆ ತೆರವು ಬಿಟ್ಟರು.

"ಅಮ್ಮನದು ಈ ಗೆರೆಯೊಳಗೆ. ಇಲ್ಲದಿದ್ದರೆ ಬೇರೆಯವರು ಕಸಿದುಕೊಳ್ಳುತ್ತಾರೆ. ಯಾರೂ ಇಲ್ಲದವರಿಗೆ ಒಂದು ಚೂರು ಕಾಗದ ಗೆರೆಯ ಹೊರಗೆ."

"ಅದು ತಮ್ಮದೆಂದು ಅವರಿಗೆ ಹೇಗೆ ಗೊತ್ತಾಗುತ್ತದೆ?"

"ಅವರಿಗೆ ಹುಡುಕಿ ಅಭ್ಯಾಸ."

ಉತ್ತರ ಕೊಡಬೇಕೆಂದಿದ್ದೆ. ಅಷ್ಟರಲ್ಲಿ ಗಸ್ತಿನ ಗಾಡಿಯೊಂದು ಬಂದು ನಮ್ಮ ಚಾಪೆಯ ಪಕ್ಕ ನಿಂತಿತು. ಸಮವಸ್ತ್ರದವರೊಬ್ಬರು ಇಳಿದರು. ಪೊರ್ಬುಗಳು ಕಾಗದದ ಕೋಟಿನ ಮೇಲೆ ಹಾಗೆಯೇ ಕೂತುಬಿಟ್ಟರು. ಇಕಾಮಾ ತೋರಿಸಿದೆವು. ಗಸ್ತಿನವರು ಒಂದೊಂದಾಗಿ ನೋಡಿ ಹಿಂತಿರುಗಿಸಿ, ಮೂವರನ್ನೂ ನಾಲ್ಕು ತಟ್ಟೆಗಳನ್ನೂ ನೋಡಿದರು.

"ಅದು ಯಾರದು?" ಅರಬಿಯಲ್ಲಿ ಕೇಳಿದರು.

ಮೂವರಲ್ಲಿ ಅಷ್ಟಿಷ್ಟು ಅರಬಿ ಬರುತ್ತಿದ್ದದ್ದು ನನಗೊಬ್ಬನಿಗೇ. ಎಷ್ಟೋ ವೇದಿಕೆಗಳಲ್ಲಿ ಗಂಟೆ ಬಾರಿಸಿದರೂ ನಿಲ್ಲಿಸದೆ ಮಾತಾಡಿದವನು, "ಇವರ ತಾಯಿಗೆ" ಎಂದಷ್ಟೇ ಹೇಳಿದೆ.

"ತಾಯಿ ಎಲ್ಲಿ?"

"ದಾರಿಯಲ್ಲಿದ್ದಾರೆ."

ಅವರು ರಸ್ತೆಯ ಕಡೆ ನೋಡಿದರು, ಮತ್ತೆ ತಟ್ಟೆಯ ಕಡೆ. ಮುಖ ಗಂಟಾಯಿತು. ಮುಗಿಯಿತು ಎಂದುಕೊಂಡೆ.

"ತಾಯಿ ಈ ಸೆಕೆಯಲ್ಲಿ ಬರುತ್ತಾರೆ, ನೀರೇ ಇಟ್ಟಿಲ್ಲವಲ್ಲ!"

ನಡೆದ ಮಾತನ್ನೆಲ್ಲ ನಾನು ಇಂಗ್ಲಿಷಿಗೆ ತಂದು ಹೇಳಿದೊಡನೆ ಚೀನಾದವರು ತಡಬಡಿಸಿ ಎದ್ದು, ಬಾಟಲಿ ತೆರೆದು ಲೋಟಕ್ಕೆ ನೀರು ಹೊಯ್ದು ತಟ್ಟೆಯ ಪಕ್ಕ ಇಟ್ಟರು. ಗಸ್ತಿನವರು ತಲೆಯಾಡಿಸಿದರು. ಹೋಗುವ ಮುಂಚೆ ಕೆಂಡ ಆರಿಸಿ ಎಂದು ಹೇಳಿ ಗಾಡಿ ಹತ್ತಿದರು.

ಗಾಡಿಯ ಕೆಂಪು ದೀಪ ಕಣ್ಮರೆಯಾಯಿತು. ಆಮೇಲೆ ಪೊರ್ಬುಗಳು ನಗತೊಡಗಿದರು. ನನಗೂ ತಡೆಯಲಾಗಲಿಲ್ಲ.

"ಅಬ್ಬಾ, ದಾರಿಯಲ್ಲಿದ್ದಾರಂತೆ! ಸುಳ್ಳು ಹೇಳಿದೆಯಾ ಮಾರಾಯ?"

"ಸುಳ್ಳೆಂದು ಸಾಬೀತು ಮಾಡಿ ನೋಡುವ" ಎಂದೆ.

ಪೊರ್ಬುಗಳ ಭಾರಕ್ಕೆ ಕೋಟು ಇಸ್ತ್ರಿ ಹಾಕಿದಂತಾಗಿತ್ತು. ಚೀನಾದವರು ಅದಕ್ಕೆ ಬೆಂಕಿ ತಾಗಿಸಿ ಗೆರೆಯೊಳಗೆ ಇಟ್ಟು, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಬೈದ ಹಾಗಿತ್ತು, ಬಹುಶಃ ಗುಂಡಿ ಹಾಕಿಕೋ ಎಂದಿರಬೇಕು. ಉಳಿದ ಚೂರನ್ನು ಹೊರಗೆ ಸುಟ್ಟರು. ಬಳಿಕ ಅಮ್ಮನ ತಟ್ಟೆಯನ್ನು ನಡುವೆ ತಂದಿಟ್ಟು ತಿನ್ನಿ ಎಂದರು. ಸತ್ತವರು ಉಂಡ ಊಟ ಸಪ್ಪೆಯಾಗುತ್ತದೆಂದು ನಮ್ಮ ಮನೆಯಲ್ಲೂ ಹೇಳುತ್ತಾರೆ. ನಾನು ಪರೀಕ್ಷಿಸಿದೆ. ಉಪ್ಪು ಸರಿಯಾಗಿಯೇ ಇತ್ತು. ಆದರೆ ಆ ಫಲಿತಾಂಶವನ್ನು ಪ್ರಕಟಿಸಲಿಲ್ಲ. ಅಮ್ಮನ ಚಿಂತೆಯಲ್ಲಿ ಕೆಲವು ದಿನಗಳಿಂದ ಅರೆಹೊಟ್ಟೆಯಲ್ಲಿದ್ದ ಚೀನಾದವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು.

ಕ್ಯಾಂಪಿನ ಗೇಟಿನಲ್ಲಿ ಕಾವಲುಗಾರ ನಮ್ಮ ಅಂಗಿ ಮೂಸಿದ. "ಬಾರ್ಬೆಕ್ಯೂ?"

"ಬಾರ್ಬೆಕ್ಯೂ" ಎಂದೆವು, ಮೂವರೂ ಒಟ್ಟಿಗೆ. ಉಳಿದಿದ್ದ ಕೋಳಿಯ ಪೊಟ್ಟಣ ಅವನ ಕೈಗೆ ಹೋಯಿತು, ಗೇಟು ತೆರೆಯಿತು.

ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಚೀನಾದವರು, "ಮುಂದಿನ ವರ್ಷ ಬೂಟು ಮಾಡಬೇಕು" ಎಂದರು.

"ಅಮ್ಮನ ಅಳತೆ ಗೊತ್ತಾ?" ಎಂದು ಕೇಳಿದೆ.

ಅವರು ಬಲಗೈಯ ಹೆಬ್ಬೆರಳು ಮತ್ತು ಕಿರುಬೆರಳನ್ನು ಅಗಲಿಸಿ ಗೇಣು ತೋರಿಸಿದರು. ಒಂದು ಕ್ಷಣ ಯೋಚಿಸಿ, ಸ್ವಲ್ಪ ಕಿರಿದು ಮಾಡಿದರು.